ನಾಗನೂರಿನಿಂದ ಭೂಮಿ ಸುತ್ತೋಕೆ ಎಷ್ಟು ಟನ್ ಕಬ್ಬು?

ಇವತ್ತು ರಾಜಕೀಯ ಮಾತಾಡಲ್ಲ. ಒಂದು ದಿನ ಬಿಡುವು ಕೊಡಿ, ಅವರೂ ಸುಧಾರಿಸಿಕೊಳ್ಳಲಿ, ನಾವೂ ಸುಧಾರಿಸಿಕೊಳ್ಳೋಣ.

2025ರ ನವೆಂಬರ್ ಮೊದಲ ವಾರ ನೆನಪಿದೆಯಲ್ಲ? ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಹಗಲು ರಾತ್ರಿ ರಸ್ತೆ ಮೇಲೆ ಕೂತಿದ್ರು. ಟನ್ನಿಗೆ 3,500 ರೂಪಾಯಿ ಕೊಡಿ ಅಂತ ಕೇಳಿದ್ರು, ಕೊನೆಗೆ 3,300ಕ್ಕೆ ಮಾತು ಮುಗೀತು. ಆ ಸುದ್ದಿಗೆ ನಾನೂ ಅಲ್ಲಿಗೆ ಹೋಗಿದ್ದೆ. ವಾಪಸ್ ಬರೋವಾಗ ಕಾರು ನಾಗನೂರಿನ ಕಡೆ ತಿರುಗಿಸಿದೆ. ಯಾಕಂದ್ರೆ ಅಲ್ಲಿ ನನ್ನ ಸಾಲಿ ಮಾಸ್ತರು ಇದ್ದಾರೆ. ಭೂಗೋಳ ಕಲಿಸಿದವರು. ಒಂದು ಪೇರಲ ಹಣ್ಣಿಗೆ ಕಡ್ಡಿ ಚುಚ್ಚಿ, ತಿರುಗಿಸಿ, ಹಗಲು ರಾತ್ರಿ ಹೆಂಗಾಗತೈತಿ ಅಂತ ತೋರಿಸಿದವರು. ಪಾಠ ಮುಗಿದ ಮೇಲೆ ಆ ಭೂಮಿಯನ್ನ ನಾವು ಹುಡುಗರು ಹಂಚಿಕೊಂಡು ತಿಂತಿದ್ವಿ.

ಚಹಾ ಬಂತು. ಮಾಸ್ತರು ಬಾಗಿಲು ಅರ್ಧ ಮುಚ್ಚಿ ಬಂದು ಕೂತ್ರು. ‘ತಮ್ಮಾ, ನೀ ಟೀವಿಯೊಳಗ ಎಲ್ಲಾರ್ಗೂ ಪ್ರಶ್ನೆ ಕೇಳತಿ. ಇವತ್ತ ನಂದೊಂದ ಪ್ರಶ್ನೆ ಐತಿ. ಭೂಮಿ ಒಂದ ಸುತ್ತ ಹಾಕಿ ಬರಾಕ ಎಷ್ಟ ರೊಕ್ಕ ಬೇಕ?’

ನಾನು ನಕ್ಕೆ. ಅವರು ನಗಲಿಲ್ಲ.

ವಿಷಯ ಇಷ್ಟು. ಮಗಳು ಮೆಲ್ಬೋರ್ನಿನಲ್ಲಿದ್ದಾಳೆ. ಮಾರ್ಚಿನಲ್ಲಿ ಹೆರಿಗೆ. ಬಾಣಂತನಕ್ಕೆ ಅವ್ವ ಹೋಗಲೇಬೇಕು. ಮಗ ಅಮೆರಿಕದ ಡಲ್ಲಾಸಿನಲ್ಲಿ. ಅವನ ಮಗನಿಗೆ ಮೂರು ವರ್ಷ, ಅಜ್ಜ ಅಜ್ಜಿಯನ್ನ ಮೊಬೈಲಿನಲ್ಲಿ ಬಿಟ್ಟು ಬೇರೆ ಕಡೆ ನೋಡಿಲ್ಲ. ಮಾಸ್ತರ ಮನೆಯವರಿಗೆ ಮೊಣಕಾಲು ನೋವು, ಡಾಕ್ಟರು ಆಪರೇಷನ್ ಹೇಳಿದ್ದಾರೆ. ‘ಇನ್ನೊಂದ ಸಲ ಇಷ್ಟ ದೂರ ಹೋಗೂದ ಆಗೂದಿಲ್ಲ. ಹೋದ್ರ ಈಗ, ಎರಡೂ ಮನೀಗೆ’ ಅಂದ್ರು. ಒಬ್ಬ ಏಜೆಂಟ್ ಬಂದು ‘ರೌಂಡ್ ದಿ ವರ್ಲ್ಡ್ ಸ್ಪೆಷಲ್ ಸ್ಕೀಮ್’ ಅಂತ ಇಬ್ಬರಿಗೆ 9 ಲಕ್ಷ ಹೇಳಿದ್ದ. 2 ಲಕ್ಷ ಅಡ್ವಾನ್ಸ್ ನಾಳೆ ಸಂಜೆಯೊಳಗೆ ಕೊಡಬೇಕು, ಇಲ್ಲಾಂದ್ರೆ ಸ್ಕೀಮ್ ಮುಗಿತದೆ ಅಂತ. ಆ 2 ಲಕ್ಷ ಬ್ಯಾಂಕಿನಿಂದ ತಂದು ಟ್ರಂಕಿನಲ್ಲಿ ಇಟ್ಟಾಗಿತ್ತು.

ನೋಡಿ, ಇದು ಒಬ್ಬ ಮಾಸ್ತರ ಕಥೆ ಅಲ್ಲ. ಗೋಕಾಕ, ಹುಕ್ಕೇರಿ, ಮೂಡಲಗಿ ಈ ಸೀಮೆಯಲ್ಲಿ ಒಂದು ಮಗು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ ಹೋಗಿರೋ ಮನೆಗಳು ನನಗೇ ಹತ್ತಾರು ಗೊತ್ತು. ಅದಕ್ಕೇ ಆ ರಾತ್ರಿ ನಾವಿಬ್ಬರೂ ಕೂತು ಮಾಡಿದ ಲೆಕ್ಕವನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲು ಈ ‘ರೌಂಡ್ ದಿ ವರ್ಲ್ಡ್ ಟಿಕೆಟ್’ ಅನ್ನೋದು ಸುಳ್ಳಾ? ಸುಳ್ಳಲ್ಲ. ನಿಜವಾಗಿಯೂ ಇದೆ. ವಿಮಾನ ಕಂಪನಿಗಳು ಗುಂಪು ಕಟ್ಟಿಕೊಂಡಿವೆ. 1997ರಲ್ಲಿ ಸ್ಟಾರ್ ಅಲಯನ್ಸ್ ಅಂತ ಒಂದು ಆಯ್ತು. ನಮ್ಮ ಏರ್ ಇಂಡಿಯಾ 2014ರಲ್ಲಿ ಅದಕ್ಕೆ ಸೇರ್ತು, ಸಿಂಗಪುರ್ ಏರ್‌ಲೈನ್ಸ್, ಲುಫ್ತಾನ್ಸಾ, ಯುನೈಟೆಡ್ ಎಲ್ಲಾ ಅದರಲ್ಲಿವೆ. 1999ರಲ್ಲಿ ಒನ್‌ವರ್ಲ್ಡ್ ಅಂತ ಇನ್ನೊಂದು ಗುಂಪು. ಅದರಲ್ಲಿ ಕ್ವಾಂಟಾಸ್, ಬ್ರಿಟಿಷ್ ಏರ್‌ವೇಸ್, ಕತಾರ್, ಜಪಾನ್ ಏರ್‌ಲೈನ್ಸ್ ಇವೆ. ಈ ಎರಡೂ ಗುಂಪು ಇಡೀ ಭೂಮಿ ಸುತ್ತೋಕೆ ಒಂದೇ ಟಿಕೆಟ್ ಮಾರ್ತವೆ.

ಆದರೆ ಅದಕ್ಕೆ ಕಟ್ಟಳೆ ಬಹಳ. ಹೊರಟ ದೇಶಕ್ಕೇ ವಾಪಸ್ ಬರಬೇಕು. ಪೂರ್ವಕ್ಕೆ ಹೊರಟ್ರೆ ಪೂರ್ವಕ್ಕೇ ಹೋಗ್ತಾ ಇರಬೇಕು, ಪಶ್ಚಿಮ ಅಂದ್ರೆ ಪಶ್ಚಿಮ. ಅಟ್ಲಾಂಟಿಕ್ ಒಂದು ಸಲ, ಪೆಸಿಫಿಕ್ ಒಂದು ಸಲ ದಾಟಲೇಬೇಕು. ಒಂದು ವರ್ಷದೊಳಗೆ ಮುಗಿಸಬೇಕು. ಸ್ಟಾರ್ ಅಲಯನ್ಸ್ ಮೈಲಿ ಲೆಕ್ಕ ಹಾಕುತ್ತೆ, 29,000, 34,000, 39,000 ಮೈಲಿ ಅಂತ ಮೆಟ್ಟಿಲು, ಹೆಚ್ಚೆಂದ್ರೆ 15 ಕಡೆ ಇಳಿದು ಉಳಿಯಬಹುದು. ಒನ್‌ವರ್ಲ್ಡಿನವರು ಎಷ್ಟು ಖಂಡ ಮುಟ್ಟಿದ್ರಿ ಅಂತ ನೋಡ್ತಾರೆ, 16 ಹಾರಾಟದವರೆಗೆ. ಇನ್ನೊಂದು ವಿಚಿತ್ರ ಇದೆ. ಅದೇ ಸುತ್ತು, ಅದೇ ವಿಮಾನ, ಆದ್ರೆ ನೀವು ಯಾವ ದೇಶದಿಂದ ಶುರು ಮಾಡ್ತೀರಿ ಅನ್ನೋದರ ಮೇಲೆ ಬೆಲೆ ಬದಲಾಗುತ್ತೆ.

ಈ ಟಿಕೆಟ್ ಯಾರಿಗೆ ಲಾಭ? ಏಳೆಂಟು ದೇಶ ಇಳಿದು ನೋಡೋರಿಗೆ, ದಿನಾಂಕ ಮುಂದೆ ಹಿಂದೆ ಮಾಡಬೇಕು ಅನ್ನೋರಿಗೆ. ದಿನ ಬದಲಿಸೋಕೆ ಇದರಲ್ಲಿ ಸಾಮಾನ್ಯವಾಗಿ ದಂಡ ಇರಲ್ಲ. ಬಿಸಿನೆಸ್ ಕ್ಲಾಸಿನಲ್ಲಿ ಹೋಗೋರಿಗೂ ಲೆಕ್ಕ ಕೂಡಿ ಬರುತ್ತೆ. ನಮ್ಮ ಮಾಸ್ತರಿಗೆ ಇಳಿಯಬೇಕಾಗಿದ್ದು ಎರಡೇ ಕಡೆ, ಮಗಳ ಮನೆ ಮತ್ತು ಮಗನ ಮನೆ. ಹದಿನೈದು ಊಟದ ಥಾಲಿಗೆ ದುಡ್ಡು ಕೊಟ್ಟು ಎರಡು ರೊಟ್ಟಿ ತಿಂದು ಏಳೋದು ಯಾಕೆ ಸ್ವಾಮಿ?

ಒಂದು ಮಾತು ನಡುವೆ ಹೇಳಿಬಿಡ್ತೀನಿ. 1947ರ ಜೂನಿನಲ್ಲಿ, ನಮಗೆ ಸ್ವಾತಂತ್ರ್ಯ ಬರೋಕೆ ಎರಡು ತಿಂಗಳು ಮುಂಚೆ, ಅಮೆರಿಕದ ಪ್ಯಾನ್ ಆ್ಯಮ್ ಕಂಪನಿ ಭೂಮಿ ಸುತ್ತೋ ವಿಮಾನ ಸೇವೆ ಶುರು ಮಾಡ್ತು. ಅದು ಕರಾಚಿ, ಕಲ್ಕತ್ತಾದಲ್ಲಿ ಇಳಿದು ಹೋಗ್ತಿತ್ತು. ಆ ಕಂಪನಿ 1991ರಲ್ಲಿ ಮುಳುಗಿತು. ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲದ್ದು. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾ ತನ್ನ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನ ಪೆಸಿಫಿಕ್ ಮೇಲೆ ಹಾರಿಸೋಕೆ ಶುರು ಮಾಡ್ತು. ದಾರಿ ಉದ್ದ, ಆದ್ರೆ ಪಶ್ಚಿಮದಿಂದ ಪೂರ್ವಕ್ಕೆ ಬೀಸೋ ಮೇಲಿನ ಗಾಳಿ ಬೆನ್ನಿಗೆ ಸಿಗುತ್ತೆ, ಇಂಧನ ಉಳಿಯುತ್ತೆ. ವಾಪಸ್ ಬರೋವಾಗ ಅಟ್ಲಾಂಟಿಕ್ ಕಡೆಯಿಂದ. ಅಂದ್ರೆ ಆ ಕಾಲದಲ್ಲಿ ಮಗನ ಮನೆಗೆ ಹೋಗಿ ಬಂದ ಎಷ್ಟೋ ಅಪ್ಪ ಅಮ್ಮಂದಿರು ತಮಗೇ ಗೊತ್ತಿಲ್ಲದೆ ಭೂಮಿಗೆ ಪ್ರದಕ್ಷಿಣೆ ಹಾಕಿ ಬಂದಿದ್ದಾರೆ. ಇದನ್ನ ಹೇಳಿದಾಗ ಮಾಸ್ತರ ಮುಖ ನೋಡಬೇಕಿತ್ತು.

ಸರಿ, ಹಾಗಾದ್ರೆ ಅಗ್ಗದ ದಾರಿ ಯಾವುದು? ಇದಕ್ಕೆ ಮೊದಲು ಬೆಲೆ ಹೆಂಗೆ ಹುಟ್ಟುತ್ತೆ ಅನ್ನೋದು ಗೊತ್ತಿರಬೇಕು.

ನಮ್ಮ ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ರು. ಆಮೇಲೆ ಒಂದು ರೂಪಾಯಿ ಟಿಕೆಟ್ ಬಿಟ್ರು. ಜನ ಬಾಯಿ ಮೇಲೆ ಬೆರಳಿಟ್ಟುಕೊಂಡ್ರು. ಒಂದು ರೂಪಾಯಿಗೆ ಹೆಂಗೆ ಹಾರಿಸ್ತಾರೆ? ವಿಮಾನದ ಎಲ್ಲ ಸೀಟೂ ಒಂದು ರೂಪಾಯಿ ಅಲ್ಲ. ಕೆಲವೇ ಸೀಟು ಆ ಬೆಲೆಗೆ. ಅವು ಹೋದ ಮೇಲೆ ಮುಂದಿನವು ಇನ್ನಷ್ಟು, ಅವು ಹೋದ ಮೇಲೆ ಮತ್ತಷ್ಟು. ಕೊನೆಗೆ ಓಡಿ ಬಂದವನು ಪೂರ್ತಿ ಬೆಲೆ ಕೊಡ್ತಾನೆ. ಇವತ್ತು ಜಗತ್ತಿನ ಎಲ್ಲ ಕಂಪನಿಗಳೂ ಇದನ್ನೇ ಮಾಡ್ತವೆ. ಒಂದೇ ಸಾಲಿನ ಸೀಟನ್ನ ಹತ್ತಾರು ಬೆಲೆಯ ಚೀಲಗಳಲ್ಲಿ ಹಾಕಿಟ್ಟಿರ್ತಾರೆ, ಪ್ರತಿ ಚೀಲಕ್ಕೂ ಇಂಗ್ಲಿಷಿನ ಒಂದೊಂದು ಅಕ್ಷರ. ಅಗ್ಗದ ಚೀಲ ಖಾಲಿಯಾದ್ರೆ ಮುಂದಿನ ಚೀಲ ಬಿಚ್ತಾರೆ. ಮಂಗಳವಾರ ರಾತ್ರಿ ಹನ್ನೆರಡಕ್ಕೆ ಬುಕ್ ಮಾಡಿದ್ರೆ ಕಡಿಮೆ, ಮೊಬೈಲಿನಲ್ಲಿ ಗುಟ್ಟಾಗಿ ಹುಡುಕಿದ್ರೆ ಕಡಿಮೆ, ಇವೆಲ್ಲ ಕಟ್ಟೆ ಮಾತು. ನಿದ್ದೆ ಕೆಡಿಸ್ಕೋಬೇಡಿ.

ಬೆಲೆ ನಿಜವಾಗಿ ಬದಲಾಗೋದು ಯಾವ ತಿಂಗಳು ಹೋಗ್ತೀರಿ ಅನ್ನೋದರಿಂದ. ಆಸ್ಟ್ರೇಲಿಯಾಕ್ಕೆ ಡಿಸೆಂಬರ್, ಜನವರಿ ಅಂದ್ರೆ ಮುಟ್ಟೋ ಹಾಗಿಲ್ಲ. ಅಲ್ಲಿ ಬೇಸಿಗೆ ರಜೆ, ಕ್ರಿಸ್‌ಮಸ್. ಫೆಬ್ರವರಿಯಲ್ಲಿ ಓದೋಕೆ ಹೋಗೋ ಹುಡುಗರ ಗದ್ದಲ. ತಿಂಗಳ ಕೊನೆಗೆ ಇಳಿಯುತ್ತೆ. ಅಮೆರಿಕದಿಂದ ಭಾರತಕ್ಕೆ ಜೂನ್ ಮತ್ತು ಡಿಸೆಂಬರಿನಲ್ಲಿ ದುಬಾರಿ, ಅಲ್ಲಿನ ಶಾಲೆ ಶುರುವಾದ ಮೇಲೆ ಸೆಪ್ಟೆಂಬರಿನಲ್ಲಿ ಸಡಿಲ. ಮಾಸ್ತರ ಪುಣ್ಯ, ಹೆರಿಗೆ ಮಾರ್ಚಿನಲ್ಲಿ. ಫೆಬ್ರವರಿ ಕೊನೆಗೆ ಹೊರಟು, ಮೂರು ತಿಂಗಳು ಬಾಣಂತನ ಮುಗಿಸಿ, ಮೇ ಕೊನೆಗೆ ಡಲ್ಲಾಸ್, ಸೆಪ್ಟೆಂಬರಿನಲ್ಲಿ ಊರು. ಮಹಾನವಮಿಗೆ ಬನ್ನಿ ಮುಡಿಯೋಕೆ ನಾಗನೂರಿನಲ್ಲಿ.

ಈಗ ಮುಖ್ಯ ಪ್ರಶ್ನೆ. ದಾರಿ ಹೆಂಗೆ ಕಟ್ಟಬೇಕು?

ನಾವೆಲ್ಲ ಮಾಡೋ ತಪ್ಪು ಏನಂದ್ರೆ, ಭೂಪಟ ನೋಡಿ ಟಿಕೆಟ್ ಹುಡುಕ್ತೀವಿ. ಬೆಂಗಳೂರು–ಮೆಲ್ಬೋರ್ನ್ ಒಂದು, ಮೆಲ್ಬೋರ್ನ್–ಡಲ್ಲಾಸ್ ಒಂದು, ಡಲ್ಲಾಸ್–ಬೆಂಗಳೂರು ಒಂದು, ಮೂರು ಬಿಡಿ ಟಿಕೆಟ್. ದೂರದ ವಿಮಾನಕ್ಕೆ ಒಂದು ಕಡೆಯ ಟಿಕೆಟ್ ಅಂದ್ರೆ ಹೋಗಿ ಬರೋ ಟಿಕೆಟ್ಟಿನ ಅರ್ಧ ಅಲ್ಲ, ಎಷ್ಟೋ ಕಂಪನಿಗಳಲ್ಲಿ ಮುಕ್ಕಾಲು ಆಗಿರುತ್ತೆ. ಹೀಗಾಗಿ ಮೂರು ಬಿಡಿ ಟಿಕೆಟ್ ಮೂರು ಕಡೆ ಸುಲಿಯುತ್ತೆ.

ಅದರ ಬದಲು ಹೀಗೆ ಮಾಡಿ. ಬಹುತೇಕ ಕಂಪನಿಗಳ ವೆಬ್‌ಸೈಟಿನಲ್ಲಿ ‘ಮಲ್ಟಿ ಸಿಟಿ’ ಅಂತ ಒಂದು ಗುಂಡಿ ಇದೆ. ಅದನ್ನ ಯಾರೂ ಒತ್ತಲ್ಲ. ಒತ್ತಿ. ಹೋಗೋದು ಬೆಂಗಳೂರಿನಿಂದ ಮೆಲ್ಬೋರ್ನಿಗೆ, ಬರೋದು ಡಲ್ಲಾಸಿನಿಂದ ಬೆಂಗಳೂರಿಗೆ, ಎರಡೂ ಒಂದೇ ಟಿಕೆಟ್ಟಿನಲ್ಲಿ ಕೇಳಿ. ಆಗ ಕಂಪನಿ ಸಾಮಾನ್ಯವಾಗಿ ಮೆಲ್ಬೋರ್ನ್ ರಿಟರ್ನ್ ಬೆಲೆಯ ಅರ್ಧ, ಡಲ್ಲಾಸ್ ರಿಟರ್ನ್ ಬೆಲೆಯ ಅರ್ಧ ಕೂಡಿಸಿ ಹೇಳುತ್ತೆ. ಎರಡೂ ಊರಿಗೆ ಹೋಗೋ ಕಂಪನಿ ಇರಬೇಕು ಅಷ್ಟೇ. ದುಬೈನ ಎಮಿರೇಟ್ಸ್ ಎರಡಕ್ಕೂ ಹೋಗುತ್ತೆ, ದೋಹಾದ ಕತಾರ್ ಕೂಡ. ಪೂರ್ವಕ್ಕಿರೋ ಮೆಲ್ಬೋರ್ನಿಗೆ ಪಶ್ಚಿಮದ ದುಬೈ ಸುತ್ತಿ ಹೋಗೋದಾ ಅಂತ ಮಾಸ್ತರು ಹುಬ್ಬು ಗಂಟು ಹಾಕಿದ್ರು. ಭೂಗೋಳ ಕಲಿಸಿದವರಿಗೆ ಸಂಕಟ ಆಗೋದು ಸಹಜ. ವಿಮಾನದ ಬೆಲೆಗೂ ಭೂಗೋಳಕ್ಕೂ ಅಂಥಾ ನೆಂಟಸ್ತನ ಇಲ್ಲ ಸರ್ ಅಂದೆ. ಅಮ್ಮಾವರ ಮೊಣಕಾಲಿಗೆ ಸಿಂಗಪುರದ ಮೇಲಿನ ಹತ್ತಿರದ ದಾರಿ ಬೇಕು ಅಂದ್ರೆ ಅದನ್ನೂ ನೋಡಬಹುದು, ಒಂದಿಷ್ಟು ಹೆಚ್ಚು ಬೀಳುತ್ತೆ.

ಇನ್ನು ಉಳಿದಿದ್ದು ಒಂದೇ ತುಂಡು. ಪೆಸಿಫಿಕ್ ಸಾಗರ. ಇಡೀ ಭೂಮಿ ಸುತ್ತೋದರಲ್ಲಿ ಜೇಬು ಕತ್ತರಿಸೋದು ಇದೇ. ಹನ್ನೆರಡು ಸಾವಿರ ಕಿಲೋಮೀಟರ್ ಮೀರಿದ ನೀರು, ನಡುವೆ ಇಳಿಯೋಕೆ ಊರು ಅಪರೂಪ, ಹಾರೋ ಕಂಪನಿಗಳು ಬೆರಳೆಣಿಕೆ. ಯುರೋಪಿನ ಕಡೆ ಇರೋ ಪೈಪೋಟಿ ಇಲ್ಲಿ ಇಲ್ಲ. ಸಿಡ್ನಿಯಿಂದ ಡಲ್ಲಾಸಿಗೆ ಕ್ವಾಂಟಾಸ್ ನೇರ ವಿಮಾನ ಇದೆ, ಸುಖ, ಆದ್ರೆ ದುಬಾರಿ. ಲಾಸ್ ಏಂಜಲೀಸಿನಲ್ಲಿ ಇಳಿದು ಹೋಗೋದು, ಫಿಜಿ ದ್ವೀಪದ ನಾಂದಿಯಲ್ಲಿ ವಿಮಾನ ಬದಲಿಸೋದು, ಇವು ಇಳಿಕೆ ಬೆಲೆಯ ದಾರಿಗಳು. ಇಲ್ಲಿ ಒಂದು ವಾರ ಮುಂದೆ ಹಿಂದೆ ಮಾಡೋ ಸಡಿಲಿಕೆ ಇಟ್ಟುಕೊಂಡ್ರೆ ಸಾವಿರಗಟ್ಟಲೆ ಉಳಿಯುತ್ತೆ. ಹಾಗಾಗಿ ಪೆಸಿಫಿಕ್ ದಿನಾಂಕ ಮೊದಲು ಹುಡುಕಿ, ಉಳಿದದ್ದನ್ನ ಅದರ ಸುತ್ತ ಕಟ್ಟಿ. ನಾವು ಮಾಡೋದು ಉಲ್ಟಾ. ಹತ್ತಿರದ ಟಿಕೆಟ್ ಮೊದಲು ತಗೊಂಡು, ಕೊನೆಗೆ ಸಮುದ್ರದ ಮುಂದೆ ಕೈ ಜೋಡಿಸಿ ನಿಲ್ತೀವಿ.

ಆ ರಾತ್ರಿ ನನ್ನ ಮೊಬೈಲಿನಲ್ಲಿ ಕಂಡ ಬೆಲೆ ಹೇಳ್ತೀನಿ. ನೀವು ನೋಡೋವಾಗ ಬೇರೆ ಇರುತ್ತೆ, ಇದನ್ನೇ ಹಿಡ್ಕೊಂಡು ಜಗಳಕ್ಕೆ ಬರಬೇಡಿ. ಆ ಮಲ್ಟಿ ಸಿಟಿ ಟಿಕೆಟ್ ಒಬ್ಬರಿಗೆ ಸುಮಾರು 1 ಲಕ್ಷ. ಪೆಸಿಫಿಕ್ ಸುಮಾರು 70 ಸಾವಿರ. ಇಬ್ಬರಿಗೆ 3 ಲಕ್ಷ 40 ಸಾವಿರ. ಎರಡು ಮನೆಗೂ ಬೇರೆ ಬೇರೆ ಹೋಗಿ ಬಂದಿದ್ರೆ ಒಬ್ಬರಿಗೆ 1 ಲಕ್ಷ 90 ಸಾವಿರದ ಹತ್ತಿರ ಆಗ್ತಿತ್ತು. ದುಡ್ಡಿನ ಉಳಿತಾಯ ಭಾರಿ ಏನಲ್ಲ, 40 ಸಾವಿರ. ಆದರೆ ಊರಿಗೆ ಬಂದು ಮತ್ತೆ ಹೊರಡೋದು ತಪ್ಪಿತು, ಆ ಮೊಣಕಾಲಿಗೆ ಅದೇ ದೊಡ್ಡದು.

ಮಾಸ್ತರು ಹಾಳೆಯ ಮೇಲೆ ಭಾಗಾಕಾರ ಮಾಡಿದ್ರು. ಟನ್ನಿಗೆ 3,300ರ ಲೆಕ್ಕದಲ್ಲಿ 103 ಟನ್ ಕಬ್ಬು. ಎಕರೆಗೆ 40 ಟನ್ ಬಂದ್ರೂ ಎರಡೂವರೆ ಎಕರೆಯ ಒಂದು ವರ್ಷದ ಬೆಳೆ. ಏಜೆಂಟ್ ಹೇಳಿದ 9 ಲಕ್ಷಕ್ಕೆ? 273 ಟನ್. ಹತ್ತಿರ ಹತ್ತಿರ ಏಳು ಎಕರೆ. ಮಾಸ್ತರಿಗೆ ಇರೋದೇ ನಾಲ್ಕು ಎಕರೆ.

ಅವನು ಅಷ್ಟು ಹೆಂಗೆ ಹೇಳಿದ? ನಡುವೆ ಯುರೋಪಿನಲ್ಲಿ ಐದು ದಿನ, ಹೋಟೆಲು, ಬಸ್ಸು ಎಲ್ಲ ತುಂಬಿದ್ದ. ಇವರು ಕೇಳಿರಲೇ ಇಲ್ಲ. ಇನ್ನೊಂದು ತಿಳ್ಕೊಳ್ಳಿ. ವಿಮಾನದ ಟಿಕೆಟ್ ಮಾತ್ರ ತಗೊಂಡ್ರೆ ಅದು ಪ್ಯಾಕೇಜ್ ಅಲ್ಲ. ಟಿಕೆಟ್ ಜೊತೆ ಹೋಟೆಲು ಸೇರಿಸಿ ವಿದೇಶ ಪ್ಯಾಕೇಜ್ ತಗೊಂಡ್ರೆ ಟಿಸಿಎಸ್ ಅಂತ ತೆರಿಗೆ ಮುಂಗಡವಾಗಿ ಹಿಡೀತಾರೆ. 2025–26ರ ಹಣಕಾಸು ವರ್ಷದಲ್ಲಿ ಅದು 10 ಲಕ್ಷದವರೆಗೆ ಶೇಕಡಾ 5 ಇತ್ತು. 9 ಲಕ್ಷಕ್ಕೆ 45 ಸಾವಿರ. ಐಟಿ ರಿಟರ್ನ್ ಹಾಕಿ ವಾಪಸ್ ಪಡೀಬಹುದು ನಿಜ, ಆದರೆ ಅಲ್ಲಿವರೆಗೆ ಆ ದುಡ್ಡು ನಿಮ್ಮ ಕೈಲಿ ಇರಲ್ಲ.

ಎಲ್ಲ ಏಜೆಂಟರೂ ಕಳ್ಳರು ಅಂತ ನಾನು ಹೇಳ್ತಿಲ್ಲ. ಒಳ್ಳೆಯವರು ಇದ್ದಾರೆ, ಮಧ್ಯರಾತ್ರಿ ವಿಮಾನ ರದ್ದಾದಾಗ ಫೋನ್ ಎತ್ತೋ ಪುಣ್ಯಾತ್ಮರು ಇದ್ದಾರೆ, ಅವರ ಕಮಿಷನ್ ನ್ಯಾಯವಾದದ್ದೇ. ಗುರುತು ಹಿಡಿಯೋದು ಹೆಂಗೆ ಅನ್ನೋದು ಗೊತ್ತಿರಲಿ. ಏಜೆಂಟ್ ಆರು ಅಕ್ಷರದ ಪಿಎನ್‌ಆರ್ ಕೊಟ್ಟ ಅಂದ ತಕ್ಷಣ ಟಿಕೆಟ್ ಆಯ್ತು ಅಂತ ತಿಳ್ಕೋಬೇಡಿ. ಪಿಎನ್‌ಆರ್ ಅಂದ್ರೆ ಸೀಟಿನ ಮೇಲೆ ಟವೆಲ್ ಹಾಕಿದ ಹಾಗೆ. ದುಡ್ಡು ಕಟ್ಟದೇನೂ ಟವೆಲ್ ಹಾಕಬಹುದು, ಒಂದೆರಡು ದಿನಕ್ಕೆ ಅದು ತಾನಾಗೇ ಬಿದ್ದುಹೋಗುತ್ತೆ. ಟಿಕೆಟ್ ಆಗಿದೆ ಅನ್ನೋದಕ್ಕೆ ಸಾಕ್ಷಿ ಹದಿಮೂರು ಅಂಕಿಯ ಇ–ಟಿಕೆಟ್ ನಂಬರ್. ಮೊದಲ ಮೂರು ಅಂಕಿ ಕಂಪನಿಯದು. ಏರ್ ಇಂಡಿಯಾ ಆದ್ರೆ 098, ಎಮಿರೇಟ್ಸ್ 176, ಸಿಂಗಪುರ್ 618, ಕ್ವಾಂಟಾಸ್ 081. ಆ ನಂಬರ್ ಇಸ್ಕೊಂಡು, ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ ನಿಮ್ಮ ಹೆಸರು ಬರುತ್ತಾ ನೋಡಿ. ಬಂತಾ, ದುಡ್ಡು ಕೊಡಿ. ‘ನಾಳೆ ಸಂಜೆಯೊಳಗೆ’ ಅಂತ ಯಾರಾದ್ರೂ ಅವಸರ ಮಾಡಿದ್ರೆ, ಅವರಿಗೆ ನಾಳೆ ಸಂಜೆ ನಿಮ್ಮ ದುಡ್ಡು ಬೇಕಾಗಿದೆ ಅಂತ ಅರ್ಥ.

ನೀವೇ ನೇರ ಕಂಪನಿಯ ವೆಬ್‌ಸೈಟಿನಲ್ಲಿ ತಗೊಂಡ್ರೆ ಇನ್ನೊಂದು ಅನುಕೂಲ. ಅಮೆರಿಕಕ್ಕೆ ಹೋಗೋ, ಅಲ್ಲಿಂದ ಬರೋ ವಿಮಾನಕ್ಕೆ ಏಳು ದಿನ ಮುಂಚೆ ಬುಕ್ ಮಾಡಿದ್ರೆ, 24 ಗಂಟೆಯೊಳಗೆ ದಂಡ ಇಲ್ಲದೆ ರದ್ದು ಮಾಡಬಹುದು. ಅಲ್ಲಿನ ಸರ್ಕಾರದ ನಿಯಮ ಅದು. ಹೆಸರು ತಪ್ಪಾದ್ರೆ ಅಷ್ಟರಲ್ಲೇ ಸರಿ ಮಾಡ್ಕೊಳ್ಳಿ. ನಮ್ಮ ಕಡೆ ಹೆಸರಿನ ಗೋಳು ಗೊತ್ತಲ್ಲ, ಪಾಸ್‌ಪೋರ್ಟಿನಲ್ಲಿ ಒಂದು, ಆಧಾರಿನಲ್ಲಿ ಒಂದು, ಅಡ್ಡಹೆಸರು ಮುಂದೋ ಹಿಂದೋ. ಪಾಸ್‌ಪೋರ್ಟಿನಲ್ಲಿ ಹೆಂಗಿದೆಯೋ ಹಂಗೇ ಟಿಕೆಟ್ಟಿನಲ್ಲಿ ಇರಬೇಕು.

ಟಿಕೆಟ್ಟಿಗೂ ಮೊದಲು ವೀಸಾ. ಇದನ್ನ ಮೊದಲೇ ಹೇಳಬೇಕಿತ್ತು, ಕ್ಷಮಿಸಿ. ವೀಸಾ ಕೈಗೆ ಬರೋವರೆಗೆ ವಾಪಸಾಗದ ಟಿಕೆಟ್ ತಗೋಬೇಡಿ. ಅಮೆರಿಕದ ಸಂದರ್ಶನಕ್ಕೆ ನಮ್ಮವರು ಮುಂಬೈಗೋ, ಹೈದರಾಬಾದಿಗೋ, ಚೆನ್ನೈಗೋ ಹೋಗಿ ಬರಬೇಕು. ಬೆಂಗಳೂರಿನಲ್ಲಿ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆ ಆಯ್ತು, ಆದರೆ ಆಗ ಅಲ್ಲಿ ವೀಸಾ ಕೆಲಸ ಶುರು ಮಾಡಲಿಲ್ಲ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ಎರಡು ಗಂಟೆ ಕೂತು ಮುಂದಿನ ವಿಮಾನ ಹತ್ತೋಕೂ ನಮಗೆ ವೀಸಾ ಬೇಕು. ಇದು ಗೊತ್ತಿಲ್ಲದೆ ಅಗ್ಗದ ಟಿಕೆಟ್ ತಗೊಂಡು ಚೆಕ್–ಇನ್ ಕೌಂಟರಿನಲ್ಲೇ ವಾಪಸ್ ಬಂದವರಿದ್ದಾರೆ. ಆಸ್ಟ್ರೇಲಿಯಾ ಕೂಡ ಹಾಗೇ, ಬರೀ ದಾಟಿ ಹೋಗೋಕೂ ಕೇಳ್ತಾರೆ.

ಮಾಸ್ತರು 2018ರಲ್ಲಿ ಒಮ್ಮೆ ಮಗನ ಕಡೆ ಹೋಗಿ ಬಂದಿದ್ರು, ಹತ್ತು ವರ್ಷದ ವೀಸಾ, 2028ರವರೆಗೆ ಇದೆ. ಆದರೆ ಪಾಸ್‌ಪೋರ್ಟ್ 2026ರಲ್ಲಿ ಮುಗಿಯುತ್ತೆ. ಅವಧಿ ಆರು ತಿಂಗಳಾದ್ರೂ ಉಳಿದಿರಬೇಕು ಅನ್ನೋದು ಬಹಳ ಕಡೆ ಇರೋ ನಿಯಮ. ‘ಹಂಗಾರ ವೀಸಾನೂ ಹೋತು’ ಅಂತ ತಲೆ ಮೇಲೆ ಕೈ ಹೊತ್ಕೊಂಡ್ರು. ಹೋಗಲ್ಲ. ಬೆಳಗಾವಿಯ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿ, ವೀಸಾ ಇರೋ ಹಳೆಯದನ್ನ ಜೊತೆಗೇ ಇಟ್ಕೊಂಡು ಹೋದ್ರೆ ನಡೆಯುತ್ತೆ. ಹಳೆಯದನ್ನ ರದ್ದಿಗೆ ಹಾಕಬೇಡಿ ಅಷ್ಟೇ.

ಇನ್ನು ನಾಗನೂರಿನಿಂದ ಬೆಂಗಳೂರಿಗೆ. ನಗಬೇಡಿ, ಇಡೀ ಭೂಮಿ ಸುತ್ತೋದರಲ್ಲಿ ಹೆಚ್ಚು ಜನ ಎಡವೋದು ಇಲ್ಲೇ. ಸಾಂಬ್ರಾದಿಂದ ಬೆಂಗಳೂರಿಗೆ ವಿಮಾನ ಇದೆ. ಅದನ್ನ ಬೇರೆ ಟಿಕೆಟ್ಟಿನಲ್ಲಿ ತಗೊಂಡು, ಅದು ತಡವಾಗಿ, ಬೆಂಗಳೂರಿನ ದೊಡ್ಡ ವಿಮಾನ ತಪ್ಪಿದ್ರೆ, ದೊಡ್ಡ ಕಂಪನಿಗೆ ಅದರ ಜವಾಬ್ದಾರಿ ಇಲ್ಲ. ನೀವು ಬರಲಿಲ್ಲ, ಅಷ್ಟೇ. ಟಿಕೆಟ್ ಹೋಯ್ತು. 2025ರ ಡಿಸೆಂಬರಿನಲ್ಲಿ ಏನಾಯ್ತು ನೋಡಿದ್ರಲ್ಲ. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಇಂಡಿಗೋ ತಯಾರಾಗಿರಲಿಲ್ಲ, ಸಾವಿರಾರು ಹಾರಾಟ ರದ್ದಾದವು, ಕೊನೆಗೆ ಸರ್ಕಾರವೇ ಟಿಕೆಟ್ ದರಕ್ಕೆ ಮಿತಿ ಹಾಕಬೇಕಾಯ್ತು. ಹುಬ್ಬಳ್ಳಿಯಲ್ಲಿ ಆರತಕ್ಷತೆ, ಮದುಮಕ್ಕಳು ಭುವನೇಶ್ವರದಲ್ಲಿ. ವಿಡಿಯೊ ಕಾಲಿನಲ್ಲೇ ಅಕ್ಷತೆ ಬಿತ್ತು.

ಹಾಗಂತ ಸಾಂಬ್ರಾದಿಂದಲೇ ಒಂದೇ ಟಿಕೆಟ್ ಮಾಡಿಸಿ, ಕೊನೆಗೆ ‘ರೈಲಿಗೆ ಹೋಗಿ ಬೆಂಗಳೂರಿನಲ್ಲೇ ಹತ್ತಿಬಿಡೋಣ’ ಅನ್ನೋ ಹಾಗೂ ಇಲ್ಲ. ಟಿಕೆಟ್ಟಿನ ಮೊದಲ ತುಂಡು ಬಳಸದಿದ್ರೆ ಮುಂದಿನದೆಲ್ಲ ತಾನಾಗೇ ರದ್ದಾಗುತ್ತೆ. ನಾನು ಮಾಸ್ತರಿಗೆ ಹೇಳಿದ್ದು: ಘಟಪ್ರಭಾದಲ್ಲಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ, ಒಂದು ದಿನ ಮುಂಚೆ ಬೆಂಗಳೂರಿಗೆ ಬನ್ನಿ, ನಮ್ಮ ಮನೆಯಲ್ಲಿ ಉಳೀರಿ. ಟಿಕೆಟ್ ಜೊತೆಗೇ ಗಾಲಿಕುರ್ಚಿ ಕೇಳಿ, ಅದಕ್ಕೆ ದುಡ್ಡಿಲ್ಲ. ಸಸ್ಯಾಹಾರ ಊಟ ಮೊದಲೇ ಬರೆಸಿ. ಅಮೆರಿಕದಲ್ಲಿ ಆಸ್ಪತ್ರೆ ಅಂದ್ರೆ ಹೊಲ ಮಾರಬೇಕಾಗುತ್ತೆ, ಹಾಗಾಗಿ ವಿಮೆ ಇಲ್ಲದೆ ಹೊರಡಬೇಡಿ. ಲಾಸ್ ಏಂಜಲೀಸಿನಲ್ಲಿ ಸಾಮಾನೆಲ್ಲ ನೀವೇ ಇಳಿಸಿಕೊಂಡು ಮತ್ತೆ ಹಾಕಬೇಕು, ಗಾಬರಿ ಬೇಡ. ಮತ್ತೆ, ಗೋಕಾಕದ ಕರದಂಟು. ಮೆಲ್ಬೋರ್ನಿನಲ್ಲಿ ಇಳಿಯೋವಾಗ ಚೀಟಿಯಲ್ಲಿ ‘ತಿನಿಸು ಇದೆ’ ಅಂತ ಬರೀರಿ. ಬರೆದ್ರೆ ಹೆಚ್ಚೆಂದ್ರೆ ಕರದಂಟು ಹೋಗುತ್ತೆ. ಬಚ್ಚಿಟ್ಟು ಸಿಕ್ಕಿಬಿದ್ರೆ ದಂಡ ದೊಡ್ಡದು.

ಟ್ರಂಕಿನ 2 ಲಕ್ಷ ಮರುದಿನ ಬ್ಯಾಂಕಿಗೆ ವಾಪಸ್ ಹೋಯ್ತು.

ಮೊನ್ನೆ ಸಂಕ್ರಮಣದ ದಿನ ಫೋನ್ ಬಂತು. ಆಸ್ಟ್ರೇಲಿಯಾ ವೀಸಾ ಬಂದಿದೆ. ಮಗಳು, ಮಗ ಇಬ್ಬರೂ ಫೋನಿನಲ್ಲಿ ಕೂತು ಟಿಕೆಟ್ ಮಾಡಿದ್ದಾರೆ. ಮಾಸ್ತರು ಹದಿಮೂರು ಅಂಕಿಯ ನಂಬರನ್ನ ನನಗೆ ಎರಡು ಸಲ ಓದಿ ಹೇಳಿದ್ರು, ಮಗ್ಗಿ ಒಪ್ಪಿಸಿದ ಹಾಗೆ. ಪೆಸಿಫಿಕ್ ಮೇಲೆ ಅಗ್ಗಕ್ಕೆ ಸಿಕ್ಕಿದ್ದು ಒಂದು ಸೋಮವಾರ. ಸೋಮವಾರ ಬೆಳಿಗ್ಗೆ ಮೆಲ್ಬೋರ್ನ್ ಬಿಟ್ರೆ ಅದೇ ಸೋಮವಾರ ಬೆಳಿಗ್ಗೆ ಲಾಸ್ ಏಂಜಲೀಸ್. ದಿನಾಂಕ ರೇಖೆ ದಾಟ್ತಾರಲ್ಲ, ದಿನ ಹಿಂದಕ್ಕೆ ಹೋಗುತ್ತೆ. ಮಾಸ್ತರು ಖುಷಿಯಲ್ಲಿದ್ರು, ನಲವತ್ತು ವರ್ಷ ಪೇರಲ ಹಣ್ಣಿನ ಮೇಲೆ ಗೆರೆ ಎಳೆದು ಕಲಿಸಿದ್ದನ್ನ ಈಗ ದಾಟ್ತೀನಿ ಅಂತ.

ಅಷ್ಟರಲ್ಲಿ ಮನೆಯವರು ಫೋನ್ ಕಸಿದುಕೊಂಡ್ರು. ಅವರದು ಮದುವೆಯಾದಾಗಿನಿಂದ ಸೋಮವಾರ ಒಪ್ಪತ್ತು.

‘ಸೋಮವಾರ ಎರಡ ಸಲ ಬರತೈತೆಂತಲ್ಲೋ ತಮ್ಮಾ, ಒಪ್ಪತ್ತ ಒಂದ ಸಲ ಮಾಡೂದೋ, ಎರಡ ಸಲನೋ?’

‘ಅವ್ವಾರ, ಬೇಕಂದ್ರ ಮಂಗಳವಾರಕ್ಕ ಬದಲಿ ಮಾಡ್ಸಬಹುದ್ರೀ’ ಅಂದೆ.

‘ಬದಲಿ ಮಾಡಾಕ ಎಷ್ಟ ದಂಡ?’

ಹೇಳಿದೆ. ಆ ಕಡೆ ಒಂದು ಕ್ಷಣ ಮಾತಿಲ್ಲ.

‘ಅಷ್ಟಾ? ಹಂಗಾರ ಬ್ಯಾಡ ಬಿಡ. ಎರಡ ಸಲ ಮಾಡ್ತೇನಿ.’